ಬಲಗಡೆಯಿಂದ ಬರೆದ ಕನ್ನಡ

ಜೂನ್ ಎರಡನೇ ಶನಿವಾರ, ಮಧ್ಯಾಹ್ನ ಹನ್ನೆರಡೂ ಕಾಲು. ಈ ಲೆಕ್ಕ ಶುರುವಾದದ್ದು ಆಗ.

ಕಳಸದ ಹತ್ತಿರದ ಒಂದು ಇಸ್ಲಾಮಿಕ್ ಪ್ರಾಥಮಿಕ ಶಾಲೆಯಲ್ಲಿ ನಾನು ಒಂದನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಮಕ್ಕಳು ಬೆಳಿಗ್ಗೆ ಉಸ್ತಾದರ ಬಳಿ ಬಲದಿಂದ ಎಡಕ್ಕೆ ಸಾಗುವ ಅರಬಿ ಓದಿ, ನೇರವಾಗಿ ನನ್ನ ತರಗತಿಗೆ ಬರುತ್ತಾರೆ. ಆ ದಿನ ಹನ್ನೊಂದು ಮಕ್ಕಳಲ್ಲಿ ಐವರು ಕನ್ನಡ ನೋಟ್‌ಬುಕ್ಕನ್ನು ಹಿಂದಿನ ರಟ್ಟಿನಿಂದ ತೆರೆದು, ಬಲತುದಿಯಿಂದ ಬರೆದಿದ್ದರು. ಡೈರಿಯಲ್ಲಿ ಐದು ಗೀಟು ಹಾಕಿದೆ.

ಜುಲೈ ಕೊನೆಗೆ ಐದು ಮೂರಾಯಿತು, ಆಗಸ್ಟ್ ಮುಗಿಯುವಾಗ ಒಂದು. ಆ ಒಂದು, ಜೀಪ್ ಓಡಿಸುವವರೊಬ್ಬರ ಮಗಳು. ಅವಳ ತಾಯಿ ಕಾಫಿ ಎಸ್ಟೇಟಿನಲ್ಲಿ ಕೆಲಸ ಮಾಡುವವರು. ಒಂದು ಮಧ್ಯಾಹ್ನ ಗಂಡನ ಜೊತೆ ಬಂದು ನೋಟ್‌ಬುಕ್ಕನ್ನು ನನ್ನ ಮೇಜಿನ ಮೇಲಿಟ್ಟರು.

“ಎಂಥದು ಟೀಚರೇ ಇದು? ಅಕ್ಷರ ಎಲ್ಲ ಆ ಕಡೆಯಿಂದ ಈ ಕಡೆಗೆ ಬಂದಿದೆ.”

ಗಂಡ ನಕ್ಕರು. “ನೀನೊಂದು ಮಾರಾಯ್ತಿ! ಬೆಳಿಗ್ಗೆ ಕುರಾನ್ ಕಲ್ತ ಕೈ ಅದು. ನಿಧಾನ ಸರಿ ಆಗುತ್ತೆ.”

“ನೀವು ಜೀಪು ಬಲಗಡೆ ಓಡ್ಸಿದ್ರೆ, ನಿಧಾನ ಸರಿ ಆಗುತ್ತೆ ಅಂತ ಪೊಲೀಸ್ರು ಬಿಡ್ತಾರಾ?” ಎಂದವರೇ ನನ್ನ ಕಡೆ ತಿರುಗಿದರು. “ದೀನ್, ಧರ್ಮ ಕಲೀಲಿ ಅಂತಾನೇ ಇಲ್ಲಿ ಸೇರ್ಸಿದ್ದು. ಆದ್ರೆ ನಂಗೆ ಅರಬಿ ಓದೋಕೆ ಬರುತ್ತೆ, ಕನ್ನಡ ಬರಲ್ಲ. ಪಂಚಾಯ್ತಿ ನೋಟೀಸ್ ಬಂದ್ರೆ ಬೇರೆಯವ್ರ ಬಾಗ್ಲಿಗೆ ಹೋಗ್ಬೇಕು. ಇವಳಿಗೂ ಹಂಗೆ ಆಗ್ಬಾರ್ದು. ದಸರಾ ರಜೆವರೆಗೆ ನೋಡ್ತೀನಿ. ಸರಿ ಆಗ್ಲಿಲ್ಲ ಅಂದ್ರೆ ಟಿ.ಸಿ. ಕೊಟ್ಬಿಡಿ.”

ಅಲ್ಲಿಯವರೆಗೆ ನನ್ನ ಡೈರಿಯ ‘ಪೋಷಕರ ಅಭಿಪ್ರಾಯ’ ಪುಟದಲ್ಲಿ ಹನ್ನೊಂದಕ್ಕೆ ಹನ್ನೊಂದೂ ‘ಧರ್ಮ ಕಲಿಯಲಿ’ ಎಂದೇ ಇತ್ತು. ಎಲ್ಲವೂ ಮಕ್ಕಳನ್ನು ಸೇರಿಸಿದ ದಿನ ಉಸ್ತಾದರ ಎದುರು ಅಪ್ಪಂದಿರು ಹೇಳಿದ್ದು. ಅಮ್ಮಂದಿರನ್ನು ನಾನು ಕೇಳಿರಲೇ ಇಲ್ಲ.

ವಿಷಯವನ್ನು ಉಸ್ತಾದರಿಗೆ ತಿಳಿಸಿದೆ. ಮರುದಿನದಿಂದ ಅವರು ಪಾಠವನ್ನು ಹತ್ತು ನಿಮಿಷ ಮೊದಲೇ ಮುಗಿಸತೊಡಗಿದರು. ಆ ಹತ್ತು ನಿಮಿಷ ಮಕ್ಕಳು ಅಂಗಳದಲ್ಲಿ ಆಡಿ, ನೀರು ಕುಡಿದು ನನ್ನ ತರಗತಿಗೆ ಬರುತ್ತಿದ್ದರು.

ರಜೆಗೆ ಮುಂಚಿನ ಶನಿವಾರ ಆ ತಾಯಿ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಮಗಳು ಎಡಗಡೆಯಿಂದಲೇ ನಾಲ್ಕು ಸಾಲು ಬರೆದಳು. ಅಷ್ಟಕ್ಕೇ ಅವರು ಏಳಲಿಲ್ಲ. ಹನ್ನೊಂದೂ ನೋಟ್‌ಬುಕ್ ತರಿಸಿ, ಒಂದೊಂದನ್ನೇ ಮಗುಚಿ ನೋಡಿದರು.

“ಈ ವರ್ಷ ಟಿ.ಸಿ. ಬೇಡ ಬಿಡಿ,” ಎಂದರು. “ಆದ್ರೆ ಓದೋದು ಕೇಳೋಕೆ ಮತ್ತೆ ಬರ್ತೀನಿ.”

ಹತ್ತು ನಿಮಿಷದ ಆಟದಿಂದ ಸರಿಹೋಯಿತೋ, ದಿನ ಕಳೆದದ್ದರಿಂದಲೋ, ನನ್ನ ಗೀಟುಗಳಿಂದ ತಿಳಿಯುವುದಿಲ್ಲ. ಒಂದೇ ಬೆಳಿಗ್ಗೆ ಎರಡೂ ಲಿಪಿ ಕಲಿಸಿದವರು, ಕಲಿತವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮಗೆ ಗೊತ್ತಿರುವುದನ್ನು ದಯವಿಟ್ಟು ಬರೆದು ತಿಳಿಸಿ.