ಹತ್ತು ತಾಸಿನ ದಾರಿ

ಮುಂಬೈಯಿಂದ ಲಂಡನ್ನಿಗೆ ವಿಮಾನದಲ್ಲಿ ಹತ್ತು ತಾಸು ಕೂರಬೇಕೆಂದು ನನಗೆ ಗೊತ್ತಿತ್ತು. ಅಕ್ಕನಿಗೆ ಐದೇ ತಾಸು ಎಂದು ಹೇಳಿದೆ. ಬಾಯಿ ತಪ್ಪಿ ಬಂದದ್ದಲ್ಲ — ಯೋಚಿಸಿಯೇ ಹೇಳಿದ್ದು.

ಅಕ್ಕ ಎಂದರೆ ನನ್ನ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ. ಅವರದು ತಡವಳದಲ್ಲಿ ಹೊಲಮನೆ, ನಮ್ಮದು ಸೋಲಾಪುರದಲ್ಲಿ ಚಾದರದ ಅಂಗಡಿ. ಲಂಡನ್ನಿನಲ್ಲಿದ್ದ ನನ್ನ ಮಗಳಿಗೆ ದಿನ ತುಂಬುತ್ತಿತ್ತು. ಬಾಣಂತನಕ್ಕೆ ತಾಯಿಯಾದ ನಾನು ಹೋಗಬೇಕಿತ್ತು. ಅಂಗಡಿ ಬಿಟ್ಟು ಹೋಗಲಾಗದು ಎಂದು ಎಲ್ಲರ ಮುಂದೆ ಸಾರಿದೆ. ನಿಜವೆಂದರೆ ವಿಮಾನ ಹತ್ತಲು ನನಗೆ ಜೀವಭಯ. ಗಿರಾಕಿಗಳನ್ನೇ ಗದರಿಸುವ ಜೋರುಬಾಯಿಯವಳು ನಾನು, ಹೆದರಿಕೆ ಎಂದು ಯಾರ ಮುಂದೆ ಹೇಳಲಿ? ಅಕ್ಕನನ್ನು ಕೇಳಿದೆ.

ಅಕ್ಕನ ಎಡಗಾಲಿಗೆ ಬಾವು ಬರುತ್ತಿತ್ತು. ಬಹಳ ಹೊತ್ತು ಒಂದೇ ಕಡೆ ಕೂರಬೇಡಿ, ರಕ್ತ ಹೆಪ್ಪುಗಟ್ಟೀತು ಎಂದು ಡಾಕ್ಟರು ಎಚ್ಚರಿಸಿದ್ದರು. ತಡವಳದಿಂದ ನಮ್ಮ ಮನೆಗೆ ಬರುವಾಗಲೂ ಅಕ್ಕಲಕೋಟದಲ್ಲಿ ಇಳಿದು, ಸ್ಟ್ಯಾಂಡಿನಲ್ಲಿ ಎರಡು ಸುತ್ತು ಅಡ್ಡಾಡಿಯೇ ಮುಂದಿನ ಬಸ್ಸು ಹತ್ತುವವರು ಅವರು.

“ಎಷ್ಟ ತಾಸ ಕುಂದ್ರಬೇಕ ತಂಗಿ? ಖರೇ ಹೇಳು.”

ನಾನು ಟಿಕೆಟ್ಟು ತೋರಿಸಿದೆ. ರಾತ್ರಿ ಎರಡಕ್ಕೆ ಬಿಡುತ್ತದೆ, ಬೆಳಗ್ಗೆ ಏಳಕ್ಕೆ ಮುಟ್ಟುತ್ತದೆ. ಬಿಡುವುದು ನಮ್ಮ ಗಡಿಯಾರದಲ್ಲಿ, ಮುಟ್ಟುವುದು ಅಲ್ಲಿಯ ಗಡಿಯಾರದಲ್ಲಿ, ಅಲ್ಲಿಯದು ನಮಗಿಂತ ಸುಮಾರು ಐದು ತಾಸು ಹಿಂದೆ — ಇಷ್ಟನ್ನು ಹೇಳಲಿಲ್ಲ.

“ನೀವ ನೋಡ್ರಿ ಅಕ್ಕಾರ. ಪುಣೇಕ ಹೋದಷ್ಟ ಹೊತ್ತು.”

ಅವರು ನಂಬಿದರು. ಬಾಣಂತಿಗೆಂದು ಅಂಟಿನುಂಡಿ ಕಟ್ಟಿಕೊಂಡು ಹೊರಟರು.

ಮರುದಿನ ಬೆಳಗ್ಗೆ, ನಮ್ಮ ಏಳು ಗಂಟೆಗೆ, ಅಂಗಡಿಯ ಬೀಗ ತೆಗೆಯುತ್ತಿದ್ದೆ. ಅಕ್ಕ ಇನ್ನೂ ಅರ್ಧ ದಾರಿಯಲ್ಲಿದ್ದಾರೆ, ಮುಟ್ಟಿಬಿಟ್ಟೆವು ಎಂದುಕೊಂಡಿರುತ್ತಾರೆ... ಬಾಗಿಲು ತೆಗೆದು ಅಂಗಡಿಯಲ್ಲಿ ಕೂತೆ.

ಸಂಜೆ ಮಗಳ ಫೋನು ಬಂತು. ದೊಡ್ಡವ್ವ ವಿಮಾನ ನಿಲ್ದಾಣದಲ್ಲೇ ಕುಸಿದಿದ್ದರು, ಆಸ್ಪತ್ರೆಗೆ ಸೇರಿಸಿದ್ದರು. ಜೀವ ಉಳಿಯಿತು. ಕಾಲಿಗೆ ಮೊದಲಿನ ಬಲ ಮಾತ್ರ ಬರಲೇ ಇಲ್ಲ. ಈಗಲೂ ಕೋಲು ಹಿಡಿದೇ ನಡೆಯುತ್ತಾರೆ.

ಊರಿಗೆ ಮರಳಿದ ಮೇಲೆ ನನ್ನ ಕೈ ಹಿಡಿದು ಹೇಳಿದರು: “ವಿಮಾನ ಭಾಳ ತಡಾ ಆತ ತಂಗಿ. ಈಗ ಇಳೀತೈತಿ, ಈಗ ಇಳೀತೈತಿ ಅಂತ ಸೊಂಟದ ಪಟ್ಟಾ ಬಿಚ್ಚದ ಕುಂತೆ. ಮೊದ್ಲ ಗೊತ್ತಿದ್ರ ನಾಕ ಸಲ ಎದ್ದ ಅಡ್ಡಾಡ್ತಿದ್ದೆ.”

ಹತ್ತು ಎಂದಿದ್ದರೂ ಅವರು ಹೋಗುತ್ತಿದ್ದರು — ನಡುನಡುವೆ ಎದ್ದು ಅಡ್ಡಾಡುತ್ತ ಹೋಗುತ್ತಿದ್ದರು. ನನ್ನ ಸುಳ್ಳನ್ನು ನಂಬಿದ್ದಕ್ಕೇ ಕೂತಲ್ಲೇ ಕೂತಿದ್ದರು. ಅಂದೂ ನಾನು ಬಾಯಿ ಬಿಡಲಿಲ್ಲ. ಇಷ್ಟು ವರ್ಷ ಬಿಡಲಿಲ್ಲ.

ಈಗ ಮಗಳಿಗೆ ಎರಡನೆಯ ಹೆರಿಗೆ ಹತ್ತಿರ ಬಂದಿದೆ. ನಿನ್ನೆ ಅಕ್ಕ ತಾವಾಗಿಯೇ ಫೋನು ಮಾಡಿದರು.

“ನಾನ ಹೋಗ್ತೀನಿ. ಐದ ತಾಸ ಅಲ್ಲೇನ? ಈ ಸಲ ತಡಾ ಆಗಂಗಿಲ್ಲ ಬಿಡು.”

ಇನ್ನೊಮ್ಮೆ ಹೂಂ ಎಂದಿದ್ದರೆ ಸಾಕಿತ್ತು —

“ಹತ್ತ ತಾಸರಿ ಅಕ್ಕಾರ. ಆವಾಗೂ ಹತ್ತ ಇತ್ತು. ನನಗ ಗೊತ್ತಿತ್ತರಿ.”

ಆ ಕಡೆಯಿಂದ ಕೋಲು ನೆಲಕ್ಕೆ ಊರಿದ ಸಪ್ಪಳ ಕೇಳಿಸಿತು. ಆಮೇಲೆ ಫೋನು ಇಟ್ಟುಬಿಟ್ಟರು.

ಇಂದು ನನ್ನ ಹೆಸರಿನಲ್ಲಿ ಟಿಕೆಟ್ಟು ತೆಗೆಸಿದ್ದೇನೆ. ಹೆದರಿಕೆ ಹಾಗೇ ಇದೆ. ಹೊರಡುವ ಮೊದಲು ತಡವಳಕ್ಕೆ ಹೋಗಬೇಕು. ಅಕ್ಕ ಬಾಗಿಲು ತೆಗೆಯುತ್ತಾರೋ ಇಲ್ಲವೋ... ತೆಗೆಯದಿದ್ದರೆ ಅವರ ಮನೆಯ ಕಟ್ಟೆಯ ಮೇಲೆ ಕೂರುತ್ತೇನೆ, ಎಷ್ಟು ತಾಸಾದರೂ.