ಒಪ್ಪಿಗೆಯ ಕೆಂಪು ಚುಕ್ಕೆ

ಆಯುಧಪೂಜೆಯ ಹಿಂದಿನ ದಿನ, ಬೆಳಿಗ್ಗೆ ಆರೂವರೆ. ಮನೆಯಲ್ಲಿದ್ದವರು ನಾನು ಮತ್ತು ನಮ್ಮ ಯಜಮಾನರು, ಇಬ್ಬರೇ. ಅವರು ಸ್ಕೂಟರ್ ತೊಳೆಯಲು ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ನಾನು ಬೀರುವಿನ ಕೆಳಗಿನ ಖಾನೆಯನ್ನು ಖಾಲಿ ಮಾಡುತ್ತಿದ್ದೆ. ಅದರಲ್ಲಿರುವ ಮೈಕ್ರೊಮೀಟರ್, ವರ್ನಿಯರ್, ಪುಟ್ಟ ತಕ್ಕಡಿ, ಹೀಗೆ ಅಳತೆಯ ಸಾಮಾನೆಲ್ಲವನ್ನೂ ವರ್ಷಕ್ಕೊಮ್ಮೆ ಹೊರತೆಗೆದು, ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಡುವುದು ನನ್ನ ಪದ್ಧತಿ. ಕಾರ್ಖಾನೆಯಿಂದ ನಿವೃತ್ತಳಾದ ಮೇಲೂ ಅದನ್ನು ಬಿಟ್ಟಿಲ್ಲ.

ತಕ್ಕಡಿಯ ಮರದ ಪೆಟ್ಟಿಗೆಯ ಮೂಲೆಯಲ್ಲಿ ಉಗುರುಬಣ್ಣದ ಒಂದು ಸಣ್ಣ ಸೀಸೆ ಸಿಕ್ಕಿತು. ಕೆಂಪು ಬಣ್ಣದ್ದು. ಮುಚ್ಚಳ ಕಚ್ಚಿಕೊಂಡಿತ್ತು, ಇಕ್ಕಳ ಹಾಕಿ ತಿರುಗಿಸಬೇಕಾಯಿತು. ಬಣ್ಣ ಒಣಗಿ ಗಟ್ಟಿಯಾಗಿತ್ತು. ವಾಸನೆ ಮಾತ್ರ ಹಾಗೇ ಇತ್ತು, ಮೂಗಿಗೆ ಚುಚ್ಚುವಂತೆ…

“ಯಾರ್ದೇ ಇದು? ನಿಂಗ್ಯಾವಾಗಿಂದ ಈ ಶೋಕಿ?” ಎಂದರು ಯಜಮಾನರು, ಬಾಗಿಲಲ್ಲಿ ನಿಂತು. ಆಮೇಲೆ ಅವರಿಗೇ ನೆನಪಾಗಿರಬೇಕು. ನಗುವನ್ನು ಅರ್ಧಕ್ಕೇ ನಿಲ್ಲಿಸಿ ಸ್ಕೂಟರಿನ ಕಡೆ ಹೋದರು.

ನಾನು ಉಗುರಿಗೆ ಬಣ್ಣ ಹಚ್ಚಿದವಳಲ್ಲ. ಆ ಸೀಸೆಯನ್ನು ದಾಸರಹಳ್ಳಿಯ ಫ್ಯಾನ್ಸಿ ಸ್ಟೋರಿನಲ್ಲಿ ಕೊಂಡದ್ದು ನಮ್ಮ ಎದುರುಮನೆಯವರ ಕೆಲಸಕ್ಕಾಗಿ. ಅಂಗಡಿಯ ಹುಡುಗಿ “ಮಗಳಿಗಾ ಆಂಟಿ?” ಎಂದು ಕೇಳಿದಾಗ “ಅಲ್ಲಮ್ಮ, ಬಂದೂಕಿನ ತೋಟಾಕ್ಕೆ” ಎಂದಿದ್ದೆ. ಅವಳು ಚಿಲ್ಲರೆ ಕೊಡುವುದನ್ನೇ ಮರೆತು ನನ್ನ ಮುಖ ನೋಡಿದ್ದಳು.

ಆಗ ನಾವು ಬಾಗಲಗುಂಟೆಗೆ ಬಂದು ಬಹಳ ವರ್ಷಗಳಾಗಿದ್ದವು. ಎದುರುಮನೆಯವರು ನನಗಿಂತ ಹತ್ತು ವರ್ಷಕ್ಕಾದರೂ ಚಿಕ್ಕವರು. ಪೀಣ್ಯದಲ್ಲಿ ಲೋಹದ ಅಚ್ಚು ಮಾಡುವ ಸ್ವಂತ ಶೆಡ್ಡು ಇತ್ತು. ದಪ್ಪ ಮೀಸೆ, ದೊಡ್ಡ ದನಿ. ಬೀದಿಯಲ್ಲಿ ಯಾರ ಮನೆಯ ಮೋಟಾರು ಕೆಟ್ಟರೂ ಕರೆಯುವ ಮೊದಲೇ ಬಂದು ನಿಲ್ಲುವ ಮನುಷ್ಯ. ನನ್ನನ್ನು ಮೊದಲ ದಿನದಿಂದಲೂ ಅಕ್ಕ ಎಂದೇ ಕರೆದರು. ನನಗೆ ತಮ್ಮಂದಿರಿಲ್ಲ. ಆ ಕರೆ ಹಿತವಾಗಿತ್ತು ಎಂದು ಈಗ ಬರೆಯುವುದಕ್ಕೂ ಕಷ್ಟವಾಗುತ್ತದೆ.

ಅವರ ತಂದೆಯಿಂದ ಬಂದ ಒಂದು ಹಳೆಯ ರೈಫಲ್ ಅವರಲ್ಲಿತ್ತು. ಸಣ್ಣ ಕೊಳವೆಯದು, ಹಿಂದೆ ಶಿಕಾರಿಗೆ ಬಳಸುತ್ತಿದ್ದದ್ದು. ಲೈಸೆನ್ಸು ಅವರ ಹೆಸರಿಗೇ ಆಗಿತ್ತು. ಅದಕ್ಕೆ ಹೊಂದುವ ತೋಟಾ ಮಾರುಕಟ್ಟೆಯಲ್ಲಿ ಸಿಗುವುದು ನಿಂತೇಹೋಗಿತ್ತು. ತಂದೆಯ ಕಾಲದ ಒಂದಷ್ಟು ಉಳಿದಿದ್ದವು, ಅವೂ ಹಳತಾಗಿ ಕೆಟ್ಟಿದ್ದವು.

“ಐದು ಹೊಡೆದ್ರೆ ಐದು ಊರಿಗೆ ಹೋಗ್ತವೆ ಅಕ್ಕ. ಒಂದು ತುಮಕೂರಿಗೆ, ಒಂದು ಹೊಸೂರಿಗೆ” ಎಂದು ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ಹೇಳಿದರು.

ನನ್ನಲ್ಲಿಗೇ ಬಂದದ್ದಕ್ಕೆ ಕಾರಣವಿತ್ತು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗಿನಿಂದ ನಾನು ಗುರಿ ಹೊಡೆಯುತ್ತಿದ್ದೆ. ತುಮಕೂರು ರಸ್ತೆಯಾಚೆ, ಹಳೆಯ ಕಲ್ಲುಗಣಿಯೊಂದರ ತಗ್ಗಿನಲ್ಲಿ ಇದ್ದ ರೈಫಲ್ ಕ್ಲಬ್ಬಿಗೆ ಭಾನುವಾರ ತಪ್ಪದೆ ಹೋಗುತ್ತಿದ್ದೆ. ಹೊಡೆದು ಖಾಲಿಯಾದ ತೋಟಾ ಕೋಶಗಳಿಗೆ ಮತ್ತೆ ಮದ್ದು ತುಂಬಿಕೊಳ್ಳಲು ಕ್ಲಬ್ಬಿಗೆ ಅನುಮತಿ ಇತ್ತು. ಷರತ್ತುಗಳು ಕಟ್ಟುನಿಟ್ಟು: ಕ್ಲಬ್ಬಿನ ಕೋಣೆಯಲ್ಲೇ ತುಂಬಬೇಕು, ಜವಾಬ್ದಾರಿ ಹೊತ್ತ ಸದಸ್ಯರು ಎದುರಿಗಿರಬೇಕು, ಗುರಿ ಅಭ್ಯಾಸಕ್ಕೆ ಮಾತ್ರ, ಒಂದು ತೋಟಾ ಕೂಡ ಆವರಣ ದಾಟಬಾರದು. ಆ ಕೋಣೆಯ ಬೀಗದ ಕೈ ನನ್ನಲ್ಲಿತ್ತು. ಹೆಂಗಸಿನ ಕೈಗೆ ಅದನ್ನು ಕೊಡಲು ಕ್ಲಬ್ಬಿನವರು ಎಷ್ಟೋ ವರ್ಷ ತಡೆದಿದ್ದರು. ಕೊಟ್ಟ ಮೇಲೆ ಯಾರೂ ಚಕಾರ ಎತ್ತಲಿಲ್ಲ. ಕಾರ್ಖಾನೆಯಲ್ಲೂ ನಾನಿದ್ದದ್ದು ತಪಾಸಣೆ ವಿಭಾಗದಲ್ಲಿ. ನನ್ನ ಮೇಜು ದಾಟಿದ ವಸ್ತು ಸರಿಯಾಗಿರುತ್ತದೆ ಎಂಬ ಒಂದು ಮಾತಿತ್ತು. ನನ್ನ ಆಸ್ತಿ ಎಂದರೆ ಅದೇ.

ಕೆಲಸ ಶುರುವಾಯಿತು. ಭಾನುವಾರ ಬೆಳಿಗ್ಗೆ ಅವರ ಜೀಪಿನಲ್ಲಿ ಹೊರಡುತ್ತಿದ್ದೆವು. ನನ್ನ ತೊಡೆಯ ಮೇಲೆ ತಕ್ಕಡಿಯ ಪೆಟ್ಟಿಗೆ. ಹಿತ್ತಾಳೆಯ ಖಾಲಿ ಕೋಶಗಳನ್ನು ಒಂದೊಂದಾಗಿ ತೂಗಿ, ಒಂದೇ ತೂಕದವನ್ನು ಮಾತ್ರ ಬೇರೆ ಇಡುತ್ತಿದ್ದೆ. ಬುಡದಿಂದ ಬಾಯಿಯವರೆಗಿನ ಉದ್ದ ಅಳೆಯುತ್ತಿದ್ದೆ. ಮದ್ದನ್ನು ಕಾಳು ಕಾಳಾಗಿ ತೂಗಿ ಹಾಕುತ್ತಿದ್ದೆ. ಗುಂಡು ಕೋಶದೊಳಗೆ ಎಷ್ಟು ಆಳ ಕೂರಬೇಕು ಎಂಬುದಕ್ಕೆ ಎದುರುಮನೆಯವರು ತಮ್ಮ ಶೆಡ್ಡಿನಲ್ಲಿ ಒಂದು ಅಚ್ಚು ಮಾಡಿ ತಂದರು. ಅದು ನಿಜಕ್ಕೂ ಅಚ್ಚುಕಟ್ಟಾದ ಕೆಲಸ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬುದು ನನ್ನ ನಿಯಮ. ಮದ್ದು ಬದಲಿಸಿದರೆ ಆಳ ಬದಲಿಸುವಂತಿಲ್ಲ, ಆಳ ಬದಲಿಸಿದರೆ ಮದ್ದು ಮುಟ್ಟುವಂತಿಲ್ಲ. ಅವರಿಗೆ ಅವಸರ.

“ಎರಡೂ ಒಟ್ಟಿಗೆ ಬದಲಾಯಿಸಿ ನೋಡೋಣ ಅಕ್ಕ, ಈ ಸ್ಪೀಡಲ್ಲಿ ಹೋದ್ರೆ ನನ್ನ ಮೊಮ್ಮಕ್ಕಳು ಗುರಿ ಹೊಡೀಬೇಕಾಗತ್ತೆ.”

“ಮೊಮ್ಮಕ್ಕಳಿಗಾದರೂ ಸರಿಯಾಗಿ ಹೊಡೆಯಲಿ. ಸುಮ್ನೆ ಕೂತ್ಕೊಳಿ.”

“ನಿಮ್ಮನ್ನ ದೇವಸ್ಥಾನದಲ್ಲಿ ಬಿಟ್ರೆ ತೀರ್ಥಾನೂ ತೂಗಿ ಕೊಡ್ತೀರ ಕಣಕ್ಕ!”

ಇಬ್ಬರೂ ನಗುತ್ತಿದ್ದೆವು. ಆ ಕೋಣೆಯಲ್ಲಿ ಫ್ಯಾನು ಹಾಕುವಂತಿರಲಿಲ್ಲ, ಗಾಳಿಗೆ ತಕ್ಕಡಿ ಅಲುಗುತ್ತದೆ. ಬೆವರು ಇಳಿಯುತ್ತಿತ್ತು. ಆದರೂ ವಾರವಿಡೀ ನಾನು ಕಾಯುತ್ತಿದ್ದದ್ದು ಆ ಕೆಲವು ಗಂಟೆಗಳಿಗೆ…

ತುಂಬಿ ಮುಗಿದ ಪ್ರತಿ ತೋಟಾವನ್ನೂ ಮತ್ತೊಮ್ಮೆ ಅಳೆದು, ಸರಿಯಿದ್ದರೆ ಬುಡಕ್ಕೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದೆ. ಕಾರ್ಖಾನೆಯ ಅಭ್ಯಾಸ ಅದು. ಅಲ್ಲಿ ಒಪ್ಪಿದ ಬಿಡಿಭಾಗಕ್ಕೆ ಬಣ್ಣದ ಚುಕ್ಕೆ ಬೀಳುತ್ತಿತ್ತು. ಚುಕ್ಕೆ ಇದ್ದರೆ ಇನ್ನೊಬ್ಬರು ಅಳೆಯುವ ಅಗತ್ಯವಿಲ್ಲ. ಉಗುರುಬಣ್ಣ ಬೇಗ ಒಣಗುತ್ತದೆ, ಬೇಗ ಅಳಿಸದು.

ಗುರಿ ಹೊಡೆಯುವಲ್ಲಿ ಅವರದೊಂದು ವಿಚಿತ್ರ ಪದ್ಧತಿ ಇತ್ತು. ಬೇರೆಯವರೆಲ್ಲ ಮೊದಲು ಒಂದೆರಡು ಗುಂಡು ದಿಬ್ಬಕ್ಕೆ ಹೊಡೆದು ಕೊಳವೆ ಬೆಚ್ಚಗಾದ ಮೇಲೆ ಕಾಗದಕ್ಕೆ ಗುರಿಯಿಡುತ್ತಿದ್ದರು. ಐದು ಗುಂಡುಗಳು ಎಷ್ಟು ಒತ್ತಾಗಿ ಬಿದ್ದವು ಎಂಬುದೇ ಎಲ್ಲರ ಲೆಕ್ಕ. ಇವರು ಒಂದೇ ಗುಂಡು ಹೊಡೆದು ರೈಫಲ್ ಕೆಳಗಿಡುತ್ತಿದ್ದರು. ಚಹಾ ಕುಡಿದು, ಯಾರ ಜೊತೆಗೋ ಹರಟಿ, ಕೊಳವೆ ಪೂರ್ತಿ ತಣ್ಣಗಾದ ಮೇಲೆ ಇನ್ನೊಂದು. ದುರ್ಬೀನಿನಲ್ಲಿ ನೋಡುತ್ತಿದ್ದ ನನ್ನನ್ನು ಪ್ರತಿ ಸಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಮೊದಲನೇದು ಎಲ್ಲಿ ಬಿತ್ತಕ್ಕ?”

ಕೊನೆಗೆ ಎರಡು ಬಗೆಯ ತೋಟಾಗಳು ಉಳಿದವು. ಒಂದರಲ್ಲಿ, ಕೊಳವೆ ಬೆಚ್ಚಗಾದ ಮೇಲೆ, ಐದೂ ಗುಂಡುಗಳು ಒಂದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಒತ್ತಾಗಿ ಬೀಳುತ್ತಿದ್ದವು, ಆದರೆ ತಣ್ಣಗಿನ ಕೊಳವೆಯ ಮೊದಲ ಗುಂಡು ಸ್ವಲ್ಪ ಮೇಲೆ ಹಾರುತ್ತಿತ್ತು. ಇನ್ನೊಂದರ ಗುಂಪು ತುಸು ಅಗಲ. ಮೊದಲ ಗುಂಡು ಮಾತ್ರ ಪ್ರತಿ ಸಲವೂ ನಡುವಿಗೇ. ನಾನು ಮೊದಲನೆಯದನ್ನು ಆರಿಸಿದೆ. ಅವರು ತಲೆ ಅಲ್ಲಾಡಿಸಿದರು.

“ಎರಡನೇದೇ ಇರಲಿ ಅಕ್ಕ. ಲೈಫಲ್ಲಿ ಎರಡನೇ ಚಾನ್ಸು ಯಾರು ಕೊಡ್ತಾರೆ ಹೇಳಿ?”

ಆ ಮಾತು ನನಗೆ ತುಂಬ ಇಷ್ಟವಾಯಿತು. ಶಿಸ್ತಿನ ಮನುಷ್ಯನ ಮಾತು ಎಂದುಕೊಂಡೆ. ಮನೆಗೆ ಬಂದು ಯಜಮಾನರಿಗೂ ಹೇಳಿದೆ.

ಹೊಡೆದು ಮುಗಿದ ಮೇಲೆ ನೆಲಕ್ಕೆ ಬಿದ್ದ ಖಾಲಿ ಕೋಶಗಳನ್ನು ಅವರೇ ಆರಿಸುತ್ತಿದ್ದರು. “ನೀವು ಬಗ್ಗಬೇಡಿ ಅಕ್ಕ, ಸೊಂಟ ಹಿಡ್ಕೊಂಡ್ರೆ ಭಾವ ನನ್ನ ಬಯ್ತಾರೆ.” ಡಬ್ಬಿ ಅವರ ಜೀಪಿನಲ್ಲಿ ಪೀಣ್ಯಕ್ಕೆ ಹೋಗುತ್ತಿತ್ತು, ಶೆಡ್ಡಿನಲ್ಲಿ ಹಿತ್ತಾಳೆ ಉಜ್ಜುವ ಉರುಳುಡ್ರಮ್ಮು ಇತ್ತು. ಮುಂದಿನ ಭಾನುವಾರ ಕೋಶಗಳು ಹಳೆಯ ಚುಕ್ಕೆಯೂ ಹೋಗಿ ಹೊಸದರಂತೆ ಹೊಳೆಯುತ್ತಾ ವಾಪಸು ಬರುತ್ತಿದ್ದವು. ನಾನು ಎಣಿಸುತ್ತಿದ್ದೆ. ತುಂಬಿದಷ್ಟೂ ಖಾಲಿಯಾಗಿ ಮರಳುತ್ತಿದ್ದವು, ಒಂದೂ ಕಡಿಮೆಯಾಗುತ್ತಿರಲಿಲ್ಲ. ತಪಾಸಣೆಯವಳಿಗೆ ಇನ್ನೇನು ಬೇಕು? ಗುರಿ ಕಾಗದದ ತೂತುಗಳನ್ನು ಯಾರು ಎಣಿಸುತ್ತಾರೆ…

ಒಂದು ವಾರದ ದಿನ, ತಿಂಡಿಯ ಹೊತ್ತಿಗೆ, ಗೇಟಿನ ಮುಂದೆ ಅರಣ್ಯ ಇಲಾಖೆಯ ಗಾರ್ಡೊಬ್ಬ ಮತ್ತು ಒಬ್ಬ ಪೊಲೀಸ್ ಪೇದೆ ನಿಂತಿದ್ದರು. ಗಾರ್ಡು ಆನೇಕಲ್ ಕಡೆಯವನು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದ. ಒಳಗೆ ಒಂದು ಖಾಲಿ ಕೋಶ, ಮಣ್ಣು ಮೆತ್ತಿತ್ತು. ಬುಡದಲ್ಲಿ ಕೆಂಪು ಚುಕ್ಕೆ.

“ಅಮ್ಮಾ, ಇಂಗೆ ಕೆಂಪು ಮಡಗೋದು ನೀವೇಯಾ?”

ನಾನೇ ಎಂದೆ. ಸುಳ್ಳು ಹೇಳುವ ಯೋಚನೆಯೂ ಬರಲಿಲ್ಲ, ಏನಾಗಿದೆಯೆಂದೇ ತಿಳಿದಿರಲಿಲ್ಲ.

ಏನಾಗಿತ್ತೆಂದು ಅರಣ್ಯ ಕಚೇರಿಗೆ ಹೋಗುವ ದಾರಿಯಲ್ಲಿ ಗಾರ್ಡೇ ಹೇಳಿದ. ಎದುರುಮನೆಯವರ ಹೆಂಡತಿಯ ತವರು ಆನೇಕಲ್ ಆಚೆ, ಕಾಡಿನ ಅಂಚಿನಲ್ಲಿ. ಅಲ್ಲಿ ಒಂದು ಜಿಂಕೆ ಬಿದ್ದಿತ್ತು. ಗಾರ್ಡಿಗೆ ಮೊದಲು ಸಿಕ್ಕಿದ್ದು ರಕ್ತ, ಆಮೇಲೆ ಹುಲ್ಲಿನಲ್ಲಿ ಕೋಶ, ಆಮೇಲೆ ಮಾಂಸದ ಚೀಲವಿದ್ದ ಅವರ ಜೀಪು. ಅದು ಮೊದಲ ಸಲದ್ದೂ ಆಗಿರಲಿಲ್ಲ. ಖಾಲಿ ಕೋಶಗಳ ಡಬ್ಬಿಯಲ್ಲಿ ಪ್ರತಿ ಭಾನುವಾರ ಒಂದೆರಡು ತುಂಬಿದ ತೋಟಾಗಳೂ ಕ್ಲಬ್ಬಿನಿಂದ ಹೊರಗೆ ಹೋಗುತ್ತಿದ್ದವು. ಕಾಡಿನಲ್ಲಿ ಖಾಲಿಯಾಗಿ, ಡ್ರಮ್ಮಿನಲ್ಲಿ ಹೊಳೆದು, ನನ್ನ ಲೆಕ್ಕಕ್ಕೆ ಸರಿಯಾಗಿ ಮರಳುತ್ತಿದ್ದವು. ಆ ವಾರ ಒಂದು ಮಾತ್ರ ಹುಲ್ಲಿನಲ್ಲಿ ಉಳಿದುಬಿಟ್ಟಿತ್ತು.

ಅರಣ್ಯ ಕಚೇರಿಯಲ್ಲಿ ಎದುರುಮನೆಯವರು ಬೆಂಚಿನ ಮೇಲೆ ಕೂತಿದ್ದರು. ನನ್ನನ್ನು ನೋಡಿ ಏಳುತ್ತಾರೆ, ಅಕ್ಕನದೇನೂ ತಪ್ಪಿಲ್ಲ ಎನ್ನುತ್ತಾರೆ ಎಂದುಕೊಂಡೆ. ಅವರು ಏಳಲಿಲ್ಲ. ಅಧಿಕಾರಿಯ ಕಡೆ ತಿರುಗಿ, “ತೋಟಾ ಎಲ್ಲಾ ಇವರೇ ಮಾಡ್ಕೊಟ್ಟಿದ್ದು ಸಾರ್. ಕೀ ಇವರ ಹತ್ರಾನೇ ಇರೋದು. ಇವರಿಗೆ ಎಲ್ಲಾ ಗೊತ್ತಿತ್ತು” ಎಂದರು. ಅಕ್ಕ ಎನ್ನಲಿಲ್ಲ. ಇವರು ಎಂದರು.

“ನನಗೇನು ಗೊತ್ತಿತ್ತು?” ಎಂದೆ.

“ಮೊದಲನೇ ಗುಂಡೇ ಸರಿಯಾಗಿ ಬೀಳಬೇಕು ಅಂತ ಹೇಳಿರಲಿಲ್ವಾ ನಾನು? ಅದಕ್ಕೆ ತಾನೇ ಆ ತೋಟಾ ಇಟ್ಕೊಂಡಿದ್ದು?”

ಅಧಿಕಾರಿ ವಯಸ್ಸಾದವರು, ನಿಧಾನದ ಮನುಷ್ಯ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಮೇಡಂ, ಕಾಗದ ಎಲ್ಲಿಗೂ ಓಡಿಹೋಗಲ್ಲ. ಅದಕ್ಕೆ ಎಷ್ಟು ಗುಂಡು ಬೇಕಾದ್ರೂ ಹೊಡೀಬಹುದು. ತಣ್ಣನೆ ಬಂದೂಕಿನ ಮೊದಲ ಗುಂಡೇ ತಾಗಬೇಕು ಅನ್ನೋನು ಯಾರು? ಓಡಿಹೋಗೋದನ್ನ ಹೊಡಿಯೋನು. ನಿಮಗೆ ಹೊಳೀಲಿಲ್ವಾ?”

ಹೊಳೆದಿರಲಿಲ್ಲ. ಆ ಕ್ಷಣದಲ್ಲಿ ಹೊಳೆಯಿತು. ಆ ಚಹಾ, ಆ ಹರಟೆ, ಕೊಳವೆ ತಣ್ಣಗಾಗಲು ಕಾದದ್ದು, ನನ್ನ ಸೊಂಟದ ಮೇಲಿನ ಕಾಳಜಿ, ಎರಡನೇ ಚಾನ್ಸಿನ ಮಾತು… ಎಲ್ಲವೂ ಒಂದೇ ಕಡೆ ಗುರಿ ಇಟ್ಟಿದ್ದವು. ನನಗೆ ತಿಳಿಯದಂತೆ ನನ್ನಿಂದಲೇ ಅವರು ಶಿಕಾರಿಯ ತೋಟಾ ಮಾಡಿಸಿಕೊಂಡಿದ್ದರು, ಮೇಲೆ ನನ್ನ ಒಪ್ಪಿಗೆಯ ಚುಕ್ಕೆಯನ್ನೂ ಹಾಕಿಸಿಕೊಂಡಿದ್ದರು. ನಾನು ಅವರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ವಿಚಾರಣೆ ಹಲವು ತಿಂಗಳು ನಡೆಯಿತು. ನನ್ನ ಕೈವಾಡವಿಲ್ಲವೆಂದು ತೀರ್ಮಾನವಾಯಿತು. ಆದರೆ ಕ್ಲಬ್ಬಿನವರು ಅದಕ್ಕೆ ಮೊದಲೇ ಬೀಗದ ಕೈ ಕೇಳಿದ್ದರು. ಹಳೆಯ ಸದಸ್ಯರೊಬ್ಬರು, “ಬೇಜಾರು ಮಾಡ್ಕೋಬೇಡಿ ಮೇಡಂ, ರೂಲ್ಸು” ಎಂದು ಕೈ ಚಾಚಿದರು. ಚಾಚಿದ ಕೈಯಲ್ಲಿಟ್ಟು ಬಂದೆ. ಮತ್ತೆ ಆ ಕಡೆ ಹೋಗಲಿಲ್ಲ. ನಮ್ಮ ಬೀದಿಯಲ್ಲಿ ಕೆಲವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ತರಕಾರಿಯವಳು ಮಾತ್ರ ನೇರವಾಗಿ ಕೇಳಿದಳು: “ಜಿಂಕೆ ಹೊಡೆದ್ರಂತೆ ಅಮ್ಮಾ, ನೀವಾ?”

ಎದುರುಮನೆಯವರು ಜಾಮೀನಿನ ಮೇಲೆ ಹೊರಬಂದು, ಸ್ವಲ್ಪ ಕಾಲದ ನಂತರ ಮನೆ ಮಾರಿದರು. ಶೆಡ್ಡನ್ನೂ ಜಿಗಣಿಗೆ ಸಾಗಿಸಿದರು. ಸಾಮಾನು ಲಾರಿಗೆ ಏರುತ್ತಿದ್ದ ದಿನ ನಮ್ಮ ಗೇಟಿನವರೆಗೆ ಬಂದರು. ಒಳಗೆ ಕರೆಯಲಿಲ್ಲ. ಅವರೂ ಚಿಲಕ ಮುಟ್ಟಲಿಲ್ಲ.

“ಆವತ್ತು ಭಯ ಆಗ್ಬಿಡ್ತು ಅಕ್ಕ. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ.”

ಅವರು ಗೇಟಿನ ಕಂಬಿ ಹಿಡಿದು ನಿಂತಿದ್ದರು. ಏನಾದರೂ ಒಳ್ಳೆಯದು ಹೇಳಿ ಹೋಗಬೇಕು ಎಂಬ ಅವರ ಹಳೆಯ ಸ್ವಭಾವ ಬಿಟ್ಟಿರಲಿಲ್ಲ. ದನಿ ತಗ್ಗಿಸಿ ಹೇಳಿದರು: “ಒಂದೇ ಗುಂಡು ಅಕ್ಕ. ಎರಡನೇದು ಬೇಕಾಗ್ಲೇ ಇಲ್ಲ. ಜಿಂಕೆ ಒದ್ದಾಡ್ಲೂ ಇಲ್ಲ.”

ಅದರಿಂದ ನನಗೆ ಸಮಾಧಾನವಾಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು. ನನ್ನ ಕೆಲಸವನ್ನು ಹೊಗಳುತ್ತಿದ್ದರು! ಅಷ್ಟು ಭಾನುವಾರಗಳು ಎದುರುಬದುರು ಕೂತಿದ್ದರೂ ನಾವಿಬ್ಬರೂ ಒಬ್ಬರನ್ನೊಬ್ಬರು ಅರಿತೇ ಇರಲಿಲ್ಲ ಎಂದು ನನಗೆ ತಿಳಿದದ್ದು ಕಚೇರಿಯಲ್ಲಲ್ಲ, ಆ ಗೇಟಿನಲ್ಲಿ. ಒಳಗೆ ಬಂದು ಬಾಗಿಲು ಹಾಕಿಕೊಂಡೆ.

ಅವರು ತೀರಿಕೊಂಡ ಸುದ್ದಿ ಹೋದ ವರ್ಷ ಬಂತು. ಹೃದಯಾಘಾತವಂತೆ. ಯಜಮಾನರು ಹೋಗಿ ಬಂದರು. ನಾನು ಹೋಗಲಿಲ್ಲ. ಎದುರುಮನೆಯಿದ್ದಲ್ಲಿ ಈಗ ನಾಲ್ಕು ಮಹಡಿಯ ಪೀಜಿ. ಮಹಡಿ ಮಹಡಿಯಲ್ಲೂ ಕಾರ್ಖಾನೆ ಹುಡುಗರ ಬನಿಯನ್ನುಗಳು ಒಣಗುತ್ತವೆ. ಆ ಮನುಷ್ಯನನ್ನು ಕ್ಷಮಿಸಿದ್ದೇನೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳುತ್ತೇನೆ. ಆದರೆ ಭಾನುವಾರ ಬೆಳಿಗ್ಗೆ ಬೀದಿಯಲ್ಲಿ ಜೀಪಿನ ಸದ್ದಾದರೆ ಇವತ್ತಿಗೂ ಕೈ ತಾನಾಗಿ ಪೆಟ್ಟಿಗೆಯ ಹಿಡಿಕೆ ಹುಡುಕುತ್ತದೆ… ನನ್ನನ್ನು ಅಕ್ಕ ಎಂದು ಅಷ್ಟು ದೊಡ್ಡ ದನಿಯಲ್ಲಿ ಕರೆಯುವವರು ಮತ್ತೆ ಯಾರೂ ಸಿಗಲಿಲ್ಲ.

“ಕಸದ ಗಾಡಿ ಬಂತು, ಏನಾದ್ರೂ ಇದೆಯೇನೇ?” ಎಂದು ಯಜಮಾನರು ಹೊರಗಿನಿಂದ ಕೂಗಿದರು. ಸೀಸೆಯನ್ನು ಕಾಗದದಲ್ಲಿ ಸುತ್ತಿ ಅವರ ಕೈಗೆ ಕೊಟ್ಟೆ. ಬಿಚ್ಚಿ ನೋಡದೆ ಗಾಡಿಗೆ ಹಾಕಿ ಬಂದರು.

ಆಮೇಲೆ ಉಳಿದ ಕೆಲಸ ಮುಗಿಸಿದೆ. ಮೈಕ್ರೊಮೀಟರಿಗೆ ಎಣ್ಣೆ ಹಚ್ಚಿದೆ, ವರ್ನಿಯರನ್ನು ಒರೆಸಿದೆ. ತಕ್ಕಡಿಯ ತಟ್ಟೆಗಳನ್ನು ತೊಳೆದು ಒಣಗಿಸಿ ಮತ್ತೆ ತೂಗುಹಾಕಿದೆ. ಎರಡೂ ಖಾಲಿ. ಮುಳ್ಳು ಅತ್ತಿತ್ತ ಆಡಿ, ನಿಧಾನವಾಗಿ ಸೊನ್ನೆಗೆ ಬಂದು ನಿಂತಿತು. ನಾಳೆಯ ಕುಂಕುಮಕ್ಕೆ ಜಾಗ ಬಿಟ್ಟು, ಪೆಟ್ಟಿಗೆ ಮುಚ್ಚಿದೆ.