ನೂರ ಅರವತ್ತಕ್ಕೆ ನಿಂತ ವೋಲ್ಟೇಜು

ಬೆಳಗಿನ ಆರು ಗಂಟೆ. ತೊಣ್ಣೂರಿನ ದೇವರಾಜು ಅವರ ಹಿತ್ತಲಲ್ಲಿ ಜನರೇಟರು ಭರ್ರೆಂದು ಓಡುತ್ತಿದೆ. ಆದರೂ ಒಳಗೆ ಅವರ ತಾಯಿ ಬೆಟ್ಟಮ್ಮನವರ ಆಮ್ಲಜನಕದ ಯಂತ್ರ ಕುಯ್‌ಗುಟ್ಟಿ ಆರಿಹೋಗುತ್ತಿದೆ. ರಾತ್ರಿಯ ಗಾಳಿಗೆ ಕಂಬ ಉರುಳಿ ಊರಿಗೇ ಕರೆಂಟಿಲ್ಲ. ಆಂಬುಲೆನ್ಸು ಬರುವ ದಾರಿಯಲ್ಲಿ ಮರಗಳು ಬಿದ್ದಿವೆ. ಸದ್ಯಕ್ಕೆ ಹಚ್ಚಿರುವ ಸಣ್ಣ ಸಿಲಿಂಡರು ಇನ್ನು ಅರ್ಧ ಗಂಟೆ ಬಂದರೆ ಹೆಚ್ಚು.

ಜನರೇಟರು ರಿಪೇರಿ ಮಾಡುವ ಬಾಬುರಾಯನಕೊಪ್ಪಲಿನ ಖಲಂದರ್ ಗದ್ದೆ ಬದುವಿನ ಮೇಲೆ ಬೈಕು ತಳ್ಳಿಕೊಂಡು ಬಂದು ಈಗಷ್ಟೇ ಮಂಡಿಯೂರಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನಾನು ಪಕ್ಕದಲ್ಲಿ ನಿಂತಿದ್ದೇನೆ. ಮೀಟರು ಹಚ್ಚುತ್ತಾರೆ. ಇರಬೇಕಾದದ್ದು ಇನ್ನೂರ ಮೂವತ್ತು, ಇರುವುದು ನೂರ ಅರವತ್ತು. ದೇವರಾಜು ಸ್ಕ್ರೂಡ್ರೈವರ್ ಹಿಡಿದು ಇಂಜಿನ್ನಿನ ವೇಗ ಏರಿಸಲು ಹೋದರೆ, ಖಲಂದರ್ ಹಳೆಯ ಸಲಿಗೆಯಲ್ಲಿ ಕೈ ಅಡ್ಡ ಇಡುತ್ತಾರೆ.

"ಮುಟ್ಬ್ಯಾಡ ಕಣ್ಲಾ. ಇಂಜಿನ್ನು ಸರ್ಯಾಗೇ ಓಡ್ತಾ ಅದೆ. ರೇಸ್ ಏರ್ಸುದ್ರೆ ಅವ್ವನ ಮಿಷಿನ್ನೇ ಸುಟ್ಟೋಯ್ತದೆ."

"ಅವ್ವ ಏದುಸ್ರು ಬುಡ್ತಾವ್ಳೆ ಖಲಂದ್ರಣ್ಣ," ಎನ್ನುತ್ತಾರೆ ದೇವರಾಜು.

ಐವತ್ತಮೂರರ ಖಲಂದರ್ ಕೆಲಸ ಕಲಿತದ್ದು ಮೈಸೂರಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ. ಶ್ರೀರಂಗಪಟ್ಟಣದಿಂದ ಕೆ.ಆರ್. ಪೇಟೆಯವರೆಗೆ ದಿನಕ್ಕೆ ಮೂರೋ ನಾಲ್ಕೋ ಮನೆ, ಎಪ್ಪತ್ತು ಕಿಲೋಮೀಟರು ಬೈಕು. ಇಪ್ಪತ್ತೆರಡು ವರ್ಷ ಈ ಸದ್ದಿನಲ್ಲೇ ಕಳೆದು ಎಡಗಿವಿ ಮಂದವಾಗಿದೆ.

ಎಲ್ಲ ವಯರು ಕಳಚಿ ಮತ್ತೆ ನೋಡುತ್ತಾರೆ. ಅದೇ ನೂರ ಅರವತ್ತು. ಹಾಗಾದರೆ ಲೋಡ್ ಹೆಚ್ಚಾದದ್ದಲ್ಲ. ಇಂಜಿನ್ ಆರಿಸಿ ಹಿಂದಿನ ಮುಚ್ಚಳ ಬಿಚ್ಚಿದರೆ, ಒಳಗೆ ಕೆಂಪು ಕೆಸರು ಒಣಗಿ ಕೂತಿದೆ. ತಿರುಗುವ ಬಳೆಗೆ ಒತ್ತಿಕೊಂಡಿರಬೇಕಾದ ಕಾರ್ಬನ್ ಬ್ರಶ್ಶು ತನ್ನ ಗೂಡಿನಲ್ಲೇ ಕಚ್ಚಿಕೊಂಡು ಬಳೆಗೆ ಅರೆಬರೆ ತಾಗುತ್ತಿದೆ; ವೋಲ್ಟೇಜು ಏರದಿರುವುದು ಅದಕ್ಕೇ. ಆಯುಧಪೂಜೆಗೆ ಟ್ರಾಕ್ಟರಿನ ಜೊತೆ ಜನರೇಟರಿಗೂ ಪೈಪಿನಲ್ಲಿ ನೀರು ಹೊಡೆದು, ಅರಿಶಿನ ಕುಂಕುಮ ಬಳಿದದ್ದನ್ನು ದೇವರಾಜು ತಲೆ ತಗ್ಗಿಸಿ ಒಪ್ಪಿಕೊಳ್ಳುತ್ತಾರೆ.

"ಪೂಜೆ ಬ್ಯಾಡ ಅನ್ನಕಿಲ್ಲ. ಮೇಲ್ಗಡೆ ಒಂದ್ ಬೊಟ್ಟು ಸಾಕಾಗಿತ್ತು. ಒಟ್ಟೆಯೊಳಕ್ಕೇ ಯಾಕ್ಲಾ ಅಭಿಷೇಕ ಮಾಡ್ದೆ?"

ಗದರುತ್ತಲೇ ಅವರು ಬ್ರಶ್ಶು ಬಿಡಿಸಿ ಕೆರೆಯುತ್ತಾರೆ, ಉಜ್ಜುಕಾಗದದಿಂದ ಬಳೆ ಉಜ್ಜುತ್ತಾರೆ. ಒಳಗಿನಿಂದ ಕೆಮ್ಮು ಕೇಳಿಸಿ, ತಟ್ಟನೆ ನಿಲ್ಲುತ್ತದೆ. ಖಲಂದರ್ ಒಮ್ಮೆ ತಲೆಯೆತ್ತಿ ಮತ್ತೆ ಬಗ್ಗುತ್ತಾರೆ.

ಹಗ್ಗ ಎಳೆದು ಇಂಜಿನ್ ಮತ್ತೆ ಓಡಿಸಿದಾಗ ಮೀಟರು ಇನ್ನೂರ ಇಪ್ಪತ್ತೆಂಟು ತೋರಿಸುತ್ತದೆ. ಅಷ್ಟು ಹೊತ್ತಿಗೆ ಸಿಲಿಂಡರಿನ ಮುಳ್ಳು ಸೊನ್ನೆಗೆ ತಾಗುವಂತಿದೆ. ಯಂತ್ರಕ್ಕೆ ಕರೆಂಟು ಕೊಟ್ಟ ಮೇಲೂ ವೋಲ್ಟೇಜು ಇಳಿಯುವುದಿಲ್ಲ. ಕೊಳವೆಯನ್ನು ಸಿಲಿಂಡರಿನಿಂದ ಯಂತ್ರಕ್ಕೆ ಬದಲಾಯಿಸಿದ ಸ್ವಲ್ಪ ಹೊತ್ತಿಗೆ ಬೆಟ್ಟಮ್ಮ ಕಣ್ಣು ಬಿಡುತ್ತಾರೆ. ದೇವರಾಜು ಸಿಲಿಂಡರನ್ನು ಹೊಸ್ತಿಲಾಚೆ ಎತ್ತಿಡುತ್ತಾರೆ.

ಖಲಂದರ್ ಹೊರಡುವುದಿಲ್ಲ. ಆಂಬುಲೆನ್ಸು ಬರುವವರೆಗೂ ಮೀಟರಿನ ಮುಂದೆಯೇ ಕೂತಿರುತ್ತಾರೆ. ಈ ಕೆಲಸದಲ್ಲಿ ಏನಾದರೂ ಆಸೆಯಿದೆಯೇ ಎಂದು ಅವರನ್ನು ಕೇಳುತ್ತೇನೆ.

"ಜನ ಕರೆಂಟ್ ಇರೋ ದಿನ್ವೇ ಒಂದ್ಸಲ ಜನ್ರೇಟ್ರು ಸ್ಟಾರ್ಟ್ ಮಾಡಿ ನೋಡಿ, ಆಗ್ಲೇ ನನ್ನ ಕರೀಲಿ ಕಣಮ್ಮ, ಅಷ್ಟೇಯ. ಉಸ್ರು ಕೇಳುಸ್ಕೊಂಡು ಸ್ಕ್ರೂ ಬಿಚ್ಚದು ಬೋ ಕಷ್ಟ. ಇವತ್ತೂ ಆ ಕೆಮ್ಮು ನಿಂತೋದಾಗ ಎದ್ರುಕೊಂಡ್ಬುಟ್ಟೆ. ದೇವ್ರಾಜಂಗೆ ಕಾಣುಸ್ದಂಗೆ ನೋಡ್ಕೊಂಡೆ."